ನಾಲ್ಕನೆಯವನ ಬಟನ್

ತಿಪಟೂರಿನ ಆ ವಿಡಿಯೋ ಗೇಮ್ ಅಂಗಡಿಯ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಡಬ್ಬಿ ಸೀಗೆಪುಡಿ ಇರುತ್ತಿತ್ತು. ನಮ್ಮ ಕಡೆ ಮುಕ್ಕಾಲು ಪಾಲು ಜನರ ಕೈಗೆ ಕೊಬ್ಬರಿಯ ಎಣ್ಣೆ ಅಂಟಿರುತ್ತದೆ. ಅದನ್ನು ತೊಳೆಯದೆ ಆಟದ ಮಷಿನ್ನಿನ ಸ್ಟಿಕ್ ಮುಟ್ಟುವಂತಿಲ್ಲ ಎಂದು ಅಂಗಡಿಯವನು ಕಟ್ಟುನಿಟ್ಟು ಮಾಡಿದ್ದ. ನಾನಂತೂ ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದೆ. ಆದರೂ ತಂಡದ ಆಟದಲ್ಲಿ ನನ್ನ ಕೈಗೆ ಸ್ಟಿಕ್ ಬರಲಿಲ್ಲ. ಬರದಂತೆ ಮಾಡಿದವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ನನಗಾಗ ಇಪ್ಪತ್ತು ತುಂಬಿತ್ತು. ಹೊಸ ಶತಮಾನ ಶುರುವಾದ ಹೊಸತು. ಅಂಗಡಿಗೆ ಒಂದು ಹೊಸ ಫೈಟಿಂಗ್ ಗೇಮ್ ಬಂತು. ಹಳೆಯ ಆಟಗಳಲ್ಲಿ ಒಬ್ಬನಿಗೊಬ್ಬ ಹೊಡೆದಾಡಿದರೆ ಮುಗಿಯಿತು. ಇದರಲ್ಲಿ ಒಂದೊಂದು ಕಡೆ ಮೂವರು. ಒಬ್ಬ ಸೋತು ಬಿದ್ದರೆ ಮುಂದಿನವನು ಬರುತ್ತಾನೆ. ಇವರ ಜೊತೆಗೆ ನಾಲ್ಕನೆಯವನೊಬ್ಬ. ಅವನಿಗೆ ಸ್ವಂತ ಕಾದಾಟವಿಲ್ಲ. ಬಟನ್ ಒತ್ತಿದಾಗ ಎಲ್ಲಿಂದಲೋ ಹಾರಿ ಬಂದು, ಎದುರಾಳಿಗೊಂದು ಇಕ್ಕಿ, ಮಾಯವಾಗುತ್ತಾನೆ. ಮಷಿನ್ ಮಾಡಿದವರು ಏನೆಂದುಕೊಂಡು ಈ ಪ್ರಯೋಗಕ್ಕೆ ಕೈ ಹಾಕಿದರೋ, ನಮ್ಮ ಅಂಗಡಿಯಲ್ಲಿ ಅದಕ್ಕೊಂದು ಪದ್ಧತಿಯೇ ಹುಟ್ಟಿತು. ಮೂರು ಫೈಟರ್‌ಗಳನ್ನು ಮೂವರು ಹಂಚಿಕೊಂಡು ಆಡುವುದು, ಆ ಬಟನ್ ಒತ್ತಲೆಂದೇ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸುವುದು. ಗೆದ್ದವರ ಹೆಸರನ್ನು ಅಂಗಡಿಯವನು ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಮೂರೇ ಹೆಸರು.

ನಮ್ಮ ತಂಡದ ಕ್ಯಾಪ್ಟನ್ ಕೊಬ್ಬರಿ ಮಂಡಿ ಸಾಹುಕಾರರ ಮಗ. ಅವರ ಗೋದಾಮಿನಲ್ಲಿ ನಾನೂ ನಮ್ಮವ್ವನೂ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದೆವು. ಇನ್ನೊಬ್ಬ ಟೈಲರ್. ಮತ್ತೊಬ್ಬ ನನ್ನ ಗೆಳೆಯ, ನನ್ನ ಹಾಗೆ ಹೊನ್ನವಳ್ಳಿಯವನು; ದಿನವೂ ಒಂದೇ ಬಸ್ಸು, ಒಂದೇ ಸೀಟು. ನಾಲ್ಕನೆಯವನು ನಾನು. ಅಂಗಡಿ ಖಾಲಿಯಿದ್ದಾಗ ಟೈಲರನ್ನೂ ಕ್ಯಾಪ್ಟನ್ನನ್ನೂ ನಾನು ಎಷ್ಟೋ ಸಲ ಮಣ್ಣು ಮುಕ್ಕಿಸಿದ್ದೆ. ಅದು ಹಲಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಶನಿವಾರ ತುರುವೇಕೆರೆಯ ತಂಡವೊಂದು ನಮ್ಮ ಮೇಲೆ ಆಡಲು ಬರುತ್ತದೆ ಎಂದು ಗೊತ್ತಾದಾಗ, ಟೈಲರ್ ಬದಲು ಈ ಸಲ ನನಗೊಂದು ಸರದಿ ಕೊಡು ಎಂದು ಬಾಯಿಬಿಟ್ಟು ಕೇಳಿದೆ. ಕ್ಯಾಪ್ಟನ್ ಎಲ್ಲರೆದುರು ನನ್ನ ಕೈ ಹಿಡಿದು ಮೂಸಿ ನೋಡಿದ.

“ಎಣ್ಣೆ ಕೈ ಕಣ್ಲಾ ನಿಂದು. ಸೀಗೆ ಹಾಕುದ್ರೂ ಹೋಗಲ್ಲ, ಹುಟ್ದಾಗ್ಲಿಂದ ಹತ್ಕೊಂಡೈತೆ. ಸ್ಟಿಕ್ ಜಾರ್ತದೆ. ಬಟನ್ ನೋಡ್ಕೋ, ಸಾಕು.”

ಅಂಗಡಿಯೆಲ್ಲ ನಕ್ಕಿತು. ನನ್ನ ಗೆಳೆಯ ಮಾತ್ರ ನಗಲಿಲ್ಲ. ಆ ಎಣ್ಣೆಯಿಂದಲೇ ನಿಮ್ಮನೆ ಮಹಡಿ ಎದ್ದಿದ್ದು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನಮ್ಮವ್ವನ ಕೈಯೂ ಅದೇ ಎಣ್ಣೆಯದು. ಇವನನ್ನು ಸುಮ್ಮನೆ ಬಿಡಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಶನಿವಾರ ಕೊಬ್ಬರಿ ಹರಾಜಿಗೆ ಬಂದಿದ್ದವರೆಲ್ಲ ಮಧ್ಯಾಹ್ನ ಅಂಗಡಿಯಲ್ಲಿ ಸೇರಿದ್ದರು. ಟೈಲರ್ ಬಂದ ಹಾಗೇ ಬಿದ್ದ. ಎರಡನೆಯ ಸರದಿ ಗೆಳೆಯನದು. ಅವನು ಯಾವತ್ತೂ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಅವನ ಕಣ್ಣು ನೋಡಿಯೇ ನಾನು ಬಟನ್ ಒತ್ತುತ್ತಿದ್ದೆ, ಒಂದೂ ವ್ಯರ್ಥವಾಗಲಿಲ್ಲ. ತುರುವೇಕೆರೆಯ ಇಬ್ಬರನ್ನು ಮಲಗಿಸಿ, ಮೂರನೆಯವನನ್ನು ಅರ್ಧ ಜೀವ ಮಾಡಿಟ್ಟು ಅವನು ಸೋತ. ಉಳಿದಿದ್ದು ಕ್ಯಾಪ್ಟನ್ ಮುಗಿಸಬೇಕಾದ ಅರ್ಧ ಜೀವ.

“ಒತ್ತು” ಎಂದ ಕ್ಯಾಪ್ಟನ್. ನಾನು ಬಟನ್ ಮೇಲಿನಿಂದ ಕೈ ತೆಗೆದೆ.

“ಒತ್ಲಾ.” ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮೂರನೆಯ ಸಲ ಕೂಗುವಷ್ಟರಲ್ಲಿ ಅವನ ಫೈಟರ್ ಮೂಲೆಯಲ್ಲಿ ಒದೆ ತಿನ್ನುತ್ತಿದ್ದ. ಅದನ್ನು ನೋಡುತ್ತಾ ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ? ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಆಟ ಮುಗಿಯಿತು, ನಾವು ಸೋತೆವು. ಕ್ಯಾಪ್ಟನ್ ಜನರ ಕಡೆ ತಿರುಗಿದ. “ನಾನ್ ಹೇಳ್ಲಿಲ್ವಾ? ಎಣ್ಣೆ ಕೈ. ಬಟನ್ ಮ್ಯಾಲೆ ಜಾರ್ತು.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ನನ್ನ ಮೈ ಉರಿದುಹೋಯಿತು. “ಜಾರ್ಲಿಲ್ಲ. ನಾನೇ ಒತ್ಲಿಲ್ಲ” ಎಂದೆ.

“ಬುಡ್ಲಾ, ಅದ್ಕೆಲ್ಲ ಧೈರ್ಯ ಬೇಕು. ಜಾರ್ತು ಅನ್ನು, ಯಾರೂ ಬಯ್ಯಲ್ಲ” ಎಂದು ಅವನು ನನ್ನ ಬೆನ್ನು ತಟ್ಟಿದ.

ಆ ಮಷಿನ್ ಗುಜರಿಗೆ ಹೋಗಿ ವರ್ಷಗಳಾದವು. ಆ ಆಟ ತಯಾರಿಸಿದವರೂ ಮುಂದಿನ ಭಾಗಗಳಲ್ಲಿ ನಾಲ್ಕನೆಯವನನ್ನು ಕೈಬಿಟ್ಟರು. ಈಗ ಅದನ್ನೇ ಮೊಬೈಲಿನಲ್ಲಿ ಆಡುವವರು, ಆ ಪ್ರಯೋಗವೇ ಒಂದು ಎಡವಟ್ಟು, ಪಕ್ಕದಲ್ಲಿ ನಿಂತವನ ಕೈಗೆ ಅಷ್ಟು ಬಲ ಕೊಡಬಾರದಿತ್ತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಯಾಪ್ಟನ್ ಈಗ ಅಪ್ಪನ ಮಂಡಿಯಲ್ಲಿ ಕೂತು, ಬಂದವರಿಗೆಲ್ಲ ಜಾರಿದ ಕೈಯ ಕತೆ ಹೇಳುತ್ತಾನಂತೆ. ಕೂಲಿಯವನೊಬ್ಬ ಬೇಕೆಂದೇ ತನ್ನನ್ನು ಬೀಳಿಸಿದ ಎಂದು ಒಪ್ಪಿಕೊಳ್ಳುವುದಕ್ಕಿಂತ ಅವನಿಗೆ ಅದೇ ಹಗುರ.

ಆಟ ಸೋತ ಆ ಸಂಜೆ ಬಸ್ಸಿನಲ್ಲಿ ಗೆಳೆಯ ಎಂದಿನಂತೆ ನನ್ನ ಪಕ್ಕದಲ್ಲೇ ಕೂತಿದ್ದ. ನಮ್ಮ ತಂಡ ಅದುವರೆಗೆ ಗೆದ್ದಿರಲಿಲ್ಲ, ಹಲಗೆಯ ಮೇಲೆ ಅವನ ಹೆಸರು ಒಂದು ಸಲವೂ ಬಿದ್ದಿರಲಿಲ್ಲ. ಆ ಯೋಚನೆ ನನಗೆ ಬಂದದ್ದೇ ಆಗ.

“ನಿಜವಾಗ್ಲೂ ಒತ್ಲಿಲ್ವಾ?” ಎಂದು ಕೇಳಿದ.

“ಇಲ್ಲ.”

“ಇಬ್ರುನ್ನ ಹೊಡ್ದಿದ್ದೆ ಕಣ್ಲಾ ನಾನು” ಎಂದ. ಎದ್ದು ಹೋಗಿ ಡ್ರೈವರ್ ಹಿಂದೆ ನಿಂತುಕೊಂಡ. ಅವತ್ತು ನಾನು ಹೇಳಿದ್ದನ್ನು ನಂಬಿದವನು ಅವನೊಬ್ಬನೇ.