ಅಂಟುವಾಳದ ನೊರೆ, ಪಾಚಿಯ ಬೆಳಕು

ಗಾಜು ತೊಳೆಯುವುದರಲ್ಲಿ ಬಸವಲಿಂಗಮ್ಮನನ್ನು ಮೀರಿಸುವವರು ಇಡೀ ಜಯನಗರದಲ್ಲೇ ಇಲ್ಲ ಎಂದರೆ ಅದು ನಾನು ಮಾಡುತ್ತಿರುವ ಹೊಗಳಿಕೆಯಲ್ಲ, ಆಕೆಯೇ ದಿನಕ್ಕೆರಡು ಸಲ ಹೇಳುತ್ತಿದ್ದ ಮಾತು. ಸಿದ್ದಾಪುರದ ಮನೆಯಿಂದ ಎಂಟಕ್ಕೆ ಹೊರಟು, ಕಾಲೇಜಿನ ಲ್ಯಾಬಿನ ಹಿಂದಿರುವ ಸಿಂಕಿನ ಮುಂದೆ ನಿಂತರೆ ಸಂಜೆ ನಾಲ್ಕರವರೆಗೆ ಅದು ಆಕೆಯದೇ ರಾಜ್ಯ. ಹತ್ತೊಂಬತ್ತು ವರ್ಷದಲ್ಲಿ ಒಡೆದದ್ದು ಹನ್ನೊಂದು ಫ್ಲಾಸ್ಕು. ಅದರಲ್ಲೂ ನಾಲ್ಕನ್ನು ಬೆಕ್ಕಿನ ತಲೆಗೆ ಕಟ್ಟುತ್ತಿದ್ದಳು.

ಆ ಲ್ಯಾಬಿಗೆ ಮೈತ್ರಿ ಎಂಬ ಹುಡುಗಿ ಬಂದಳು. ಬನಶಂಕರಿಯಿಂದ ಸ್ಕೂಟರಿನಲ್ಲಿ ಬಂದು ಹೋಗುವ ಸಂಶೋಧನಾ ವಿದ್ಯಾರ್ಥಿನಿ. ಅವಳು ಬಾಟಲಿಯಲ್ಲಿ ಹಸಿರು ಪಾಚಿ ಬೆಳೆಸುವುದನ್ನು ನೋಡಿ ಬಸವಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ.

"ಇದಕ್ಕೂ ಪಿಎಚ್‌ಡಿನಾ? ನಮ್ಮನೆ ಸಂಪಲ್ಲಿ ಬೇಕಾದಷ್ಟಿದೆ. ತಿಂಗಳಿಗೊಂದ್ಸಲ ಬ್ರಶ್ ಹಾಕಿ ಉಜ್ಜಿ ಬಿಸಾಕ್ತೀನಿ."

"ಬಿಸಾಕೋ ಮುಂಚೆ ನನಗೆ ಹೇಳಿ ಆಂಟಿ," ಎಂದಳು ಮೈತ್ರಿ. ಆಮೇಲೆ ನಗು ಬಿಟ್ಟು ಹೇಳಿದಳು: "ಪಾಚಿ ಒಳಗೆ ಬೆಳಕು ಹಿಡಿಯೋ ಪ್ರೋಟೀನ್ ಇದೆ. ಯಾವ ಡಿಟರ್ಜೆಂಟ್ ಹಾಕಿದ್ರೆ ಅದಕ್ಕೆ ಏನಾಗುತ್ತೆ ಅಂತ ನೋಡೋದೇ ನನ್ನ ಕೆಲಸ. ಎಷ್ಟು ಹಾಕ್ಬೇಕೋ ನಾನೇ ಅಳೆದು ಹಾಕ್ತೀನಿ. ಟ್ಯೂಬಲ್ಲಿ ಒಂಚೂರು ಸೋಪ್ ಉಳಿದಿದ್ರೂ ಎಲ್ಲಾ ಹೋಯ್ತು."

ಬಸವಲಿಂಗಮ್ಮ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಳು. ಆಕೆಯ ಮನೆಯಲ್ಲಿ ಲಿಂಗಪೂಜೆಯ ಬೆಳ್ಳಿ ಬಟ್ಟಲಿಗೆ ಇಂದಿಗೂ ಸೋಪು ಸೋಕಿಸುವುದಿಲ್ಲ. ಅಂಟುವಾಳದ ಕಾಯಿ ಕುದಿಸಿದ ನೀರೇ ಆಗಬೇಕು. ಅತ್ತೆಯ ಕಾಲದಿಂದ ಬಂದ ಪದ್ಧತಿ. ಮರುದಿನದಿಂದ ಒಂದು ಬಾಟಲಿ ಅಂಟುವಾಳದ ನೀರು ಆಕೆಯ ಚೀಲದಲ್ಲಿ ಲ್ಯಾಬಿಗೆ ಬಂತು. ಮೈತ್ರಿಯ ಟ್ಯೂಬುಗಳಿಗೆ ಮಾತ್ರ ಅದು. ಮರದ ಕಾಯಿ ಏನು ಮಾಡೀತು ಎಂದು ಎರಡೇ ಸಲ ನೀರಿನಲ್ಲಿ ಅದ್ದಿ ಕವುಚಿಡುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಪ್ರೀತಿಯಿಂದ ಮಾಡಿದ್ದನ್ನು ಡಂಗುರ ಸಾರುವುದು ಆಕೆಗೆ ಬಾರದು.

ಅಲ್ಲಿಂದ ಶನಿ ಮೈತ್ರಿಯ ಹೆಗಲೇರಿದ. ಡಿಟರ್ಜೆಂಟ್ ಹಾಕದ ಒಂದು ಟ್ಯೂಬನ್ನು ಅವಳು ಹೋಲಿಕೆಗೆಂದು ಇಡುತ್ತಿದ್ದಳು. ಯಂತ್ರದಲ್ಲಿ ಗಿರ್ರನೆ ತಿರುಗಿಸಿದ ಮೇಲೆ ಅದರ ಹಸಿರೆಲ್ಲ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ಆದರೆ ಪ್ರತಿಸಲವೂ ಮೇಲಿನ ನೀರೂ ಹಸಿರಾಗೇ ಇತ್ತು. ಅದು ಸರಿಯಾಗದೆ ಉಳಿದ ಯಾವ ಫಲಿತಾಂಶಕ್ಕೂ ಬೆಲೆಯಿಲ್ಲ. ಮೂರು ವಾರ ನೋಡಿ, ಅವಳ ಗೈಡ್ ಸೋಮನಾಥ್ ಸಿಂಕಿನ ಹತ್ತಿರವೇ ಬಂದು ನಿಂತರು.

"ತೊಳೆಯೋದ್ರಲ್ಲೇ ಏನೋ ತಪ್ಪಿದೆ. ಮುಂದಿನ ತಿಂಗಳಿಂದ ಪ್ಲಾಸ್ಟಿಕ್ ಟ್ಯೂಬ್ ತರಿಸ್ತೀನಿ. ಬಳಸೋದು, ಬಿಸಾಕೋದು."

ತೊಳೆಯುವುದೇ ಇಲ್ಲವೆಂದ ಮೇಲೆ ಬಸವಲಿಂಗಮ್ಮನೂ ಬೇಕಿಲ್ಲ. ಅದು ಆಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊರಳಿನ ಲಿಂಗವನ್ನು ಮುಟ್ಟಿಕೊಂಡು, "ಸೋಪು ಸೋಕಿಸಿಲ್ಲ ಸಾರ್," ಎಂದಳು.

"ಆಂಟಿ ಸುಳ್ಳು ಹೇಳಲ್ಲ ಸಾರ್. ತಪ್ಪು ಬೇರೆ ಎಲ್ಲೋ ಇದೆ, ಹುಡುಕ್ತೀನಿ," ಎಂದಳು ಮೈತ್ರಿ. ಪಾಚಿಗೆ ಬೆರೆಸುವ ಉಪ್ಪು, ನೀರು, ಯಂತ್ರ ಎಲ್ಲವನ್ನೂ ಜಾಲಾಡುವುದರಲ್ಲಿ ಇನ್ನೊಂದು ವಾರ ಕಳೆಯಿತು.

ಒಂದು ಮಧ್ಯಾಹ್ನ ಅವಳು ಬಸವಲಿಂಗಮ್ಮನ ಕೈಹಿಡಿದು ಕತ್ತಲೆ ಕೋಣೆಗೆ ಕರೆದೊಯ್ದಳು. "ಬಂದಾಗಿನಿಂದ ಏನು ಮಾಡ್ತಿದ್ದೀನಿ ಅಂತ ನಿಮಗೆ ತೋರಿಸೇ ಇಲ್ಲ."

ಮೇಜಿನ ಮೇಲೆ ಎರಡು ಹಸಿರು ಟ್ಯೂಬು. ಮೊದಲನೆಯದಕ್ಕೆ ನೀಲಿ ಟಾರ್ಚು ಬಿಟ್ಟಾಗ ಮಂಕಾಗಿ ಕೆಂಪು ಕಂಡಿತು, ಅಷ್ಟೆ. ಎರಡನೆಯದು ಊದಿದ ಕೆಂಡದ ಹಾಗೆ ಧಗ್ಗೆಂದಿತು. ಬಸವಲಿಂಗಮ್ಮ ಕೈಯನ್ನು ಹಿಂದಕ್ಕೆ ಸೆಳೆದುಕೊಂಡಳು.

"ಮನೆ ಕಟ್ಟೋವಾಗ ಸಾಲಾಗಿ ನಿಂತು ಇಟ್ಟಿಗೆ ಕೈಯಿಂದ ಕೈಗೆ ಕೊಡ್ತಾರಲ್ಲ ಆಂಟಿ, ಈ ಪ್ರೋಟೀನ್‌ಗಳು ಬೆಳಕನ್ನ ಹಾಗೆ ಕೊಡ್ತವೆ. ಕೊನೆಯವನು ಅದನ್ನ ಕೆಲಸಕ್ಕೆ ಹಚ್ತಾನೆ. ಮೊದಲನೇದಕ್ಕೆ ಡಿಟರ್ಜೆಂಟ್ ಹಾಕಿಲ್ಲ. ಎರಡನೇದಕ್ಕೆ ಜಾಸ್ತಿ ಹಾಕಿದ್ದೀನಿ, ಸಾಲು ಮುರಿದೋಗಿದೆ. ಬೆಳಕು ಹಿಡಿದಿದ್ದಾವೆ, ತಗೊಳ್ಳೋರಿಲ್ಲ. ಕೈಬಿಟ್ಟ ಬೆಳಕು ಕೆಂಪಾಗಿ ಕಾಣ್ತಿದೆ."

ಇಷ್ಟು ವರ್ಷ ತಾನು ಕೊಳೆಯೆಂದು ಚರಂಡಿಗೆ ಬಿಟ್ಟದ್ದರೊಳಗೆ ಇಷ್ಟೊಂದು ಕೈಗಳು ಸೂರ್ಯನನ್ನು ಸಾಗಿಸುತ್ತಿದ್ದವೇ? ಪೂಜೆಗೆ ಕೂತಾಗಲೂ ಆಕೆಗೆ ಹೀಗೆ ಮೈ ಜುಮ್ಮೆಂದದ್ದು ಅಪರೂಪ. ಎರಡನೆಯ ಟ್ಯೂಬನ್ನು ಕೈಗೆ ತೆಗೆದುಕೊಂಡು ಮೆಲ್ಲನೆ ಅಲುಗಿಸಿದಳು. ಮೇಲೆ ಸಣ್ಣಗೆ ನೊರೆ ಎದ್ದಿತು.

"ಈ ಡಿಟರ್ಜೆಂಟು ಸಾಲು ಹೇಗೆ ಮುರಿಯುತ್ತೆ?"

"ಸೋಪಿನ ಬುದ್ಧಿನೇ ಅದು ಆಂಟಿ. ಒಂದು ತುದಿ ನೀರು ಹಿಡಿಯುತ್ತೆ, ಇನ್ನೊಂದು ಜಿಡ್ಡು ಹಿಡಿಯುತ್ತೆ. ಆ ಪ್ರೋಟೀನ್‌ಗಳು ಕೂತಿರೋದೇ ಜಿಡ್ಡಿನ ಪೊರೆಯಲ್ಲಿ. ಪೊರೆ ಕರಗಿದ್ರೆ ಚದುರಿ ನೀರಿಗೆ ಬರ್ತವೆ, ನೀರೂ ಹಸಿರಾಗುತ್ತೆ."

ಜಿಡ್ಡು ಎಂದ ಕೂಡಲೇ ಬಸವಲಿಂಗಮ್ಮ ಟ್ಯೂಬನ್ನು ಕೆಳಗಿಟ್ಟಳು. ತಲೆಯ ಎಣ್ಣೆ ಬಿಡಿಸುವುದು ಯಾವುದು? ಬೋಗುಣಿ ತುಂಬ ನೊರೆ ಬರಿಸುವುದು ಯಾವುದು? ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಹೊರಗೆ ಹೋಗಿ ಚೀಲದಿಂದ ಬಾಟಲಿ ತಂದು ಮೇಜಿನ ಮೇಲಿಟ್ಟಳು.

"ಅಂಟುವಾಳ. ನಿನ್ನ ಟ್ಯೂಬೆಲ್ಲಾ ಇದರಲ್ಲೇ ತೊಳೆದಿದ್ದೀನಿ. ಒಂದು ತೊಟ್ಟು ಹಾಕಿ ನೋಡು."

ಮೈತ್ರಿ ಮೊದಲನೆಯ ಟ್ಯೂಬಿಗೆ ನಾಲ್ಕು ತೊಟ್ಟು ಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಟಾರ್ಚು ಹಿಡಿದಾಗ ಆ ಮಂಕು ಕೆಂಪು ನಿಚ್ಚಳವಾಗಿ ಬೆಳಗಿತ್ತು.

ಮೈತ್ರಿ ಟಾರ್ಚು ಆರಿಸಿ, "ಸಾರ್‌ಗೆ ಹೇಳೋದು ಬೇಡ. ಉಪ್ಪು ಕೆಟ್ಟಿತ್ತು ಅಂತೀನಿ," ಎಂದಳು.

"ನನ್ನ ಮಾತು ನಂಬಿ ಒಂದು ತಿಂಗಳು ಕಳ್ಕೊಂಡೆ. ಈಗ ನನಗೋಸ್ಕರ ಸುಳ್ಳು ಬೇರೆ ಹೇಳ್ತೀಯಾ?"

ಬಸವಲಿಂಗಮ್ಮ ಅಂಟುವಾಳ ಬಿದ್ದ ಆ ಟ್ಯೂಬು, ಟಾರ್ಚು, ಬಾಟಲಿ ಹಿಡಿದು ಸೋಮನಾಥರ ಕೋಣೆಗೆ ನಡೆದಳು. ಕೇಳದೆಯೇ ದೀಪ ಆರಿಸಿ, ಪರದೆ ಎಳೆದಳು. "ಸೋಪಲ್ಲ ಸಾರ್, ಅಂಟುವಾಳ. ಹಾಳು ಮಾಡಿದ್ದು ನನ್ನ ಕೈಯೇ. ನೋಡಿ," ಎಂದು ಟಾರ್ಚು ಬಿಟ್ಟಳು.

ಸೋಮನಾಥ್ ಬಹಳ ಹೊತ್ತು ಆ ಕೆಂಪನ್ನೇ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಟ್ಯೂಬಿನ ಅರ್ಜಿಯನ್ನು ಡ್ರಾಯರಿಗೆ ಹಾಕಿದರು.

"ಪ್ಲಾಸ್ಟಿಕ್ ಟ್ಯೂಬು ಬಂದು ಹೀಗೆ ಹೇಳಲ್ಲ, ಬಸವಲಿಂಗಮ್ಮ. ಎಷ್ಟು ಸಲ ನೀರು ಹಾಕಿದ್ರೆ ನೊರೆ ಹೋಗುತ್ತೆ, ನೀವೇ ನೋಡಿ ಗೋಡೆ ಮೇಲೆ ಬರೀರಿ."

ಒಂಬತ್ತು ಸಲ. ಮರುದಿನ ಮೈತ್ರಿಯ ಟ್ಯೂಬಿನಲ್ಲಿ ಹಸಿರು ತಳ ಸೇರಿ, ಮೇಲೆ ತಿಳಿನೀರು ನಿಂತಿತು.

ಆ ಭಾನುವಾರ ಸಂಪು ತೊಳೆಯುವ ದಿನ. ಬಸವಲಿಂಗಮ್ಮ ಬಿರುಕು ಬಿಟ್ಟ ಮುಚ್ಚಳ ತೆಗೆದಾಗ ಬಿಸಿಲು ಒಳಗಿನ ಪಾಚಿಯ ಮೇಲೆ ಬಿತ್ತು. ಬ್ರಶ್ಶು ಕೆಳಗಿಟ್ಟು, ಮಂಡಿಯೂರಿ ಕೂತು, ಕಣ್ಣು ತುಂಬುವಷ್ಟು ಹೊತ್ತು ನೋಡಿದಳು. ಆಮೇಲೆ ಉಜ್ಜಿದಳು, ಬಳಸುವ ನೀರಲ್ಲವೇ. ಆದರೆ ತೆಗೆದದ್ದನ್ನು ಚರಂಡಿಗೆ ಬಿಡಲಿಲ್ಲ. ಒಂದು ಗಾಜಿನ ಸೀಸೆಗೆ ತುಂಬಿ, ಬಿಸಿಲು ಬರುವ ಕಿಟಕಿಯಲ್ಲಿಟ್ಟಳು. ಸೀಸೆಯನ್ನು ಮೊದಲೇ ಒಂಬತ್ತು ಸಲ ತೊಳೆದಿದ್ದಳು.