ಮೊದಲ ದಿನದ ಸಾಲು

ದೇವಲಾಪುರದ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದ ಹಿರಿಯರೊಬ್ಬರು ಯಾರ ಕಷ್ಟವನ್ನೂ ಕಾರ್ಡು ನೋಡಿ ಅಳೆದವರಲ್ಲ. ತಕ್ಕಡಿಗೆ ಕಡೆಯ ಹಿಡಿ ಅಕ್ಕಿ ಸುರಿದು, ಅಂಗೈ ಒದರಿ ಹೇಳುವರು: "ಕಾರ್ಡು ಊರಿಗೆಲ್ಲಾ ಅದೆ ಕಣ್ಲಾ. ಮೊದಲ್ನೇ ದಿನ ಬರೋರು ಉಣ್ಣಕ್ಕೆ ಬತ್ತಾರೆ, ಕೊನೇ ದಿನ ಬರೋರು ಇಡ್ಲಿಗೆ ಬತ್ತಾರೆ."

ಆ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ. ತಿಂಗಳ ಅಕ್ಕಿ ಹಂಚುವ ದಿನಗಳಲ್ಲಿ ನಮ್ಮ ಮನೆಯದು ಯಾವಾಗಲೂ ಕೊನೆಯ ದಿನ. ನಮ್ಮ ಎರಡೂ ಹಸುಗಳು ಕಾಯಿಲೆಯಿಂದ ಸತ್ತು ಡೇರಿಗೆ ಹಾಲು ಹಾಕುವುದು ನಿಂತ ತಿಂಗಳು ಮಾತ್ರ, ಚೀಲವನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಮೊದಲ ದಿನವೇ ಸಾಲಿನಲ್ಲಿ ನಿಂತೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಸಾಲಿಗೆಲ್ಲ ಕೇಳುವಂತೆ ಕೂಗಿದರು: "ಏನ್ಲಾ, ಇಡ್ಲಿ ತಿನ್ನಕ್ಕೆ ಈ ತಿಂಗ್ಳು ಇಷ್ಟೊಂದು ಆತ್ರನಾ?"