ಮೂಗಿನ ಮೇಸ್ತ್ರಿಯ ಸೋಪಿನ ನೀರು

ಹೊಗೆ ಮೂಸಿ ಕಾರಿನ ರೋಗ ಹೇಳುತ್ತಾನೆಂದು ಅವನಿಗೆ ಮೂಗಿನ ಮೇಸ್ತ್ರಿ ಎಂದೇ ಹೆಸರು. ಗ್ಯಾರೇಜಿನ ಬೋರ್ಡಿಗಿಂತ ಆ ಮೂಗೇ ಹೆಚ್ಚು ಗಿರಾಕಿಗಳನ್ನು ಎಳೆದು ತಂದಿತ್ತು. ಬೋರ್ಡಿಗೆ ಬಣ್ಣ ಹೊಡೆಸುವ ಖರ್ಚೂ ಉಳಿದಿತ್ತು. ಆದರೆ ಹೋದ ತಿಂಗಳು ಬಂದ ಜ್ವರ, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಕೂತವನಿಗೆ ತಿಳಿಯಲಿಲ್ಲ. ಹೆಂಡತಿಗೆ ಗೊತ್ತಾಯಿತು, ಅಷ್ಟೇ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇಬ್ಬರೂ ತೆಪ್ಪಗಿದ್ದರು. ಅವಳ ತಮ್ಮ ಅದೇ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಅವನಿಗೆ ಸುಳಿವು ಸಿಕ್ಕರೆ ಬೀದಿಗೆಲ್ಲ ಡಂಗುರ.

ಅಂದು ಟ್ಯಾಕ್ಸಿಯಾಕೆ ಬಂದಳು. "ಎರಡು ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸರ್ ಬದಲಾಯ್ಸಿದ್ರು. ಎಚ್ಚರಿಕೆ ದೀಪ ಮಾತ್ರ ಆರ್ತಿಲ್ಲ. ಪೆಟ್ರೋಲ್ ನೀರು ಕುಡಿದ ಹಾಗೆ ಕುಡೀತಿದೆ."

"ಭಾವ ಒಂದ್ಸಲ ಮೂಸಿದ್ರೆ ಮುಗೀತು," ಎಂದ ಬಾಮೈದ. "ಅಲ್ವಾ ಭಾವ? ಈಚೆಗೆ ಯಾಕೋ ಮೂಸೋದೇ ಬಿಟ್ಟಿದ್ದೀರಿ."

ಮೇಸ್ತ್ರಿ ಹೊಗೆ ಕೊಳವೆಯ ಹಿಂದೆ ಮಂಡಿಯೂರಿದ. ಉಸಿರೆಳೆದ. ಬೆಚ್ಚನೆಯ ಗಾಳಿ, ಇನ್ನೇನೂ ಇಲ್ಲ. ಇಬ್ಬರ ಕಣ್ಣೂ ಅವನ ಮುಖದ ಮೇಲೆಯೇ.

"ಮೀಟರ್ ತಾ," ಎಂದ.

ಈ ಸೆನ್ಸರ್ ಎಂಬುದು ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಎಂಜಿನ್ನಿಗೆ ಚಾಡಿ ಹೇಳುವ ಆಸಾಮಿ. ಜಾಸ್ತಿ ಉಳಿದಿದೆ ಎಂದರೆ ಸಾಕು, ಎಂಜಿನ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸೆನ್ಸರಿಗೆ ಜೋಡಿಸಿದ ಮೀಟರಿನಲ್ಲಿ ಮುಳ್ಳು ಇಳಿದಷ್ಟೂ ಆಮ್ಲಜನಕ ಜಾಸ್ತಿ ಎಂದರ್ಥ. ಮುಳ್ಳು ತಳ ಹಿಡಿದು ಕೂತಿತ್ತು: ಜಾಸ್ತಿ, ಜಾಸ್ತಿ.

"ಇದೂ ಕೆಟ್ಟಿದೆ. ಹೊಸದು ತರ್ಲಾ ಭಾವ?"

ಮೇಸ್ತ್ರಿ ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಪೆಟ್ರೋಲಿನಂತೆ ಉರಿಯುವ ಸ್ಪ್ರೇ ಒಂದಿಷ್ಟು ಚಿಮ್ಮಿಸಿದ. ಅದು ಉರಿದು ಆಮ್ಲಜನಕ ತಿಂದದ್ದೇ ಮುಳ್ಳು ದಡಕ್ಕನೆ ಮೇಲೆದ್ದಿತು.

"ಕೆಟ್ಟಿದ್ರೆ ಹೀಗೆ ಏಳ್ತಿತ್ತೇನೋ? ಸೆನ್ಸರ್‌ಗಿಂತ ಮುಂಚೆ ಎಲ್ಲೋ ಹೊರಗಿನ ಗಾಳಿ ನುಗ್ತಿದೆ."

"ಹಾಗಾದ್ರೆ ಎಲ್ಲಿ ಅಂತ ಮೂಸಿ ಹೇಳಿ ಭಾವ. ನಿಮ್ಗೇನು ಮಹಾ?"

"ಎಂಜಿನ್ ಆರ್ಸು. ತಣ್ಣಗಾಗ್ಲಿ."

ಎಂಜಿನ್ ತಣ್ಣಗಾಯಿತು, ಮೇಸ್ತ್ರಿಯ ಬೆನ್ನು ಮಾತ್ರ ಬೆವರಿತು. ಆಮೇಲೆ ಹೊಗೆ ಕೊಳವೆಗೆ ಬಟ್ಟೆ ಸುತ್ತಿದ ಗಾಳಿ ಪೈಪು ತುರುಕಿ, ಸೋರುವಲ್ಲಿ ಗುಳ್ಳೆ ಏಳಲೆಂದು ಒಳಗೆ ಗಾಳಿ ಊದಿಸಿ, ಡಬ್ಬಿಯಲ್ಲಿ ಸೋಪು ಕಲಸಿ, ಕೊಳವೆಯ ಸಂದುಗಳಿಗೆ ಬ್ರಷ್ಷಿನಿಂದ ಸವರತೊಡಗಿದ. ಮೊದಲ ಸಂದು ಸುಮ್ಮನಿತ್ತು. ಎರಡನೆಯದೂ.

"ಸೋಪಿನ ನೀರಾ?" ಬಾಮೈದ ನಕ್ಕ. "ಮೂಗು ಎಲ್ಲಿ ಅಡ ಇಟ್ರಿ ಭಾವ?"

ಬ್ರಷ್ ನಿಂತಿತು. ಟ್ಯಾಕ್ಸಿಯಾಕೆ ಬೀಗದ ಕೈ ಹಿಡಿದು ಮುಂದೆ ಬಂದಳು.

"ಮೂಗು ಹೋಗಿ ತಿಂಗಳಾಯ್ತು," ಎಂದ ಮೇಸ್ತ್ರಿ, ತಲೆಯೆತ್ತದೆ. "ಏನೂ ಗೊತ್ತಾಗಲ್ಲ. ಬೇರೆ ಕಡೆ ತೋರಿಸ್ತೀನಿ ಅಂದ್ರೆ ತಗೊಂಡು ಹೋಗಿ."



ಅವಳು ಬೀಗದ ಕೈಯನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟಳು. "ಹಿಂದಿನ ಇಬ್ರಿಗೂ ಮೂಗು ಚೆನ್ನಾಗೇ ಇತ್ತು ಮೇಸ್ತ್ರಿ. ನೀವು ಬ್ರಷ್ ಆಡ್ಸಿ."

ಶಾಖ ತಡೆಯುವ ತಗಡಿನ ಅಡಿಯ ಮೂರನೆಯ ಸಂದಿನಲ್ಲಿ ಒಂದು ಗುಳ್ಳೆ ಉಬ್ಬಿತು. ಒಡೆಯಿತು. ಹಿಂದೆಯೇ ಬುಳುಬುಳನೆ ಒಂದು ಸಾಲು.

"ಸಂದಿನ ಗ್ಯಾಸ್ಕೆಟ್ ಹೋಗಿದೆ, ಹೊಸದು ತಾ," ಎಂದ ಮೇಸ್ತ್ರಿ ಬಾಮೈದನಿಗೆ. "ನಾಳೆಯಿಂದ ಮೂಸೋದು ನೀನು. ಏನು ಮೂಸಿದೆ ಅಂತ ನಾನು ಹೇಳ್ತೀನಿ."